ಬೀಸುಕಲ್ಲಿನ ಪದದಿಂದ ನದಿಯ ಪಾತ್ರದವರೆಗೆ

ಗುಬ್ಬಿ ತಾಲ್ಲೂಕಿನ ಕಡಬ ಎಂದರೆ ಮೊದಲು ನೆನಪಿಗೆ ಬರುವುದು ಅಲ್ಲಿನ ಕೆರೆ. (ದಕ್ಷಿಣ ಕನ್ನಡ ಜಿಲ್ಲೆಯ ಕಡಬ ಬೇರೆ, ಹೆಸರು ಮಾತ್ರ ಒಂದೇ.) ದೇವರಾಯನದುರ್ಗದ ಬೆಟ್ಟಗಳ ಕಡೆಯಿಂದ ಹರಿದು ಬರುವ ಶಿಂಷಾ ನದಿಗೆ ಅಡ್ಡಲಾಗಿ ಏರಿ ಹಾಕಿ ಕಟ್ಟಿದ ಈ ಕೆರೆಯನ್ನು ಲಂಕೆಯಿಂದ ಹಿಂದಿರುಗುವಾಗ ಶ್ರೀರಾಮನೇ ಕಟ್ಟಿಸಿದನೆಂದು ಸ್ಥಳಪುರಾಣ ಹೇಳುತ್ತದೆ. ಊರಿಗೆ ಈ ಹೆಸರು ಬಂದದ್ದು ಕದಂಬ ಋಷಿಯಿಂದ ಎಂಬುದೂ ಪುರಾಣದ ಮಾತೇ. ಅದು ಹಾಗಿರಲಿ. ಇತಿಹಾಸ ಓದುವವರಿಗೆ ಕಡಬ ಗೊತ್ತಿರುವುದು ಅಲ್ಲಿನ ತಾಮ್ರಶಾಸನದಿಂದ. ರಾಷ್ಟ್ರಕೂಟ ದೊರೆ ಮೂರನೆಯ ಗೋವಿಂದನ ಹೆಸರಿನಲ್ಲಿರುವ, ಒಂಬತ್ತನೆಯ ಶತಮಾನದ ಆರಂಭದ ಶಾಸನ ಅದು. ಕುನುಂಗಿಲ್ ನಾಡನ್ನು, ಅಂದರೆ ಇಂದಿನ ಕುಣಿಗಲ್ ಸೀಮೆಯನ್ನು ಆಳುತ್ತಿದ್ದ ವಿಮಲಾದಿತ್ಯನಿಗೆ ಶನಿಯ ಪೀಡೆ ಇತ್ತಂತೆ. ಅದನ್ನು ನಿವಾರಿಸಿದ ಅರ್ಕಕೀರ್ತಿ ಎಂಬ ಜೈನ ಮುನಿಗೆ, ಜಿನಾಲಯದ ಸಲುವಾಗಿ, ಒಂದು ಗ್ರಾಮವನ್ನೇ ದಾನವಾಗಿ ಕೊಟ್ಟರೆಂದು ಅದರಲ್ಲಿ ಬರೆದಿದೆ.

ಇದೇ ಸೀಮೆಯ ಮನೆಗಳಲ್ಲಿ, ಹಿಟ್ಟಿನ ಗಿರಣಿ ಬರುವುದಕ್ಕೆ ಮುಂಚೆ, ಕೋಳಿ ಕೂಗುವ ಹೊತ್ತಿಗೆ ಹೆಂಗಸರು ಎದ್ದು ರಾಗಿಕಲ್ಲಿನ ಮುಂದೆ ಕೂರುತ್ತಿದ್ದರು. ಒಬ್ಬರೇ ಬೀಸುವುದುಂಟು, ಎದುರುಬದುರು ಇಬ್ಬರು ಕೂತು ಒಂದೇ ಗೂಟ ಹಿಡಿದು ಬೀಸುವುದೂ ಉಂಟು. ಕಲ್ಲು ತಿರುಗುವವರೆಗೆ ಪದವೂ ನಡೆಯುತ್ತಿತ್ತು. ಮುದ್ದೆಗೆ ಹಿಟ್ಟು ದಿನವೂ ಬೇಕು, ಆದ್ದರಿಂದ ಪದವೂ ದಿನವೂ ಬೇಕು.

ಕೆರೆ ಭೂಗೋಳದ ಪಾಠ. ಶಾಸನ ಇತಿಹಾಸದ ಪಾಠ. ಬೀಸುವ ಪದ ಹೆಚ್ಚೆಂದರೆ ಕನ್ನಡ ಪುಸ್ತಕದ ಕೊನೆಯಲ್ಲಿ ಬರುವ ಜಾನಪದ ಪದ್ಯ; ನಾಲ್ಕು ಸಾಲು ಬಾಯಿಪಾಠ ಮಾಡಿದರೆ ಮುಗಿಯಿತು. ಶಾಲೆಯ ವೇಳಾಪಟ್ಟಿಯಲ್ಲಿ ಮೂರಕ್ಕೂ ಬೇರೆ ಬೇರೆ ಪೀರಿಯಡ್. ಊರಿನಲ್ಲಿ ಮಾತ್ರ ಮೂರೂ ಒಂದೇ ಕಡೆ ಇವೆ. ನೀರು, ನೆಲ, ನಂಬಿಕೆ, ಹಾಡು ಇವನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ನೋಡುವ ವಿದ್ಯೆ ಯಾವುದಾದರೂ ಇದೆಯೇ? ಅದನ್ನೇ ವೃತ್ತಿಯಾಗಿ ಮಾಡಿಕೊಂಡು ಜೀವನ ನಡೆಸಿದವರು ಇದ್ದಾರೆಯೇ?

ಇದ್ದಾರೆ. ಅವರಲ್ಲೊಬ್ಬರು ತಮ್ಮ ಮೊದಲ ದೊಡ್ಡ ಕೆಲಸ ಮಾಡಿದ್ದು ಕರ್ನಾಟಕದ ನೆಲದ ಮೇಲೆ, ಬಿಜಾಪುರದಲ್ಲಿ. ಹೆಸರು ರಿಚರ್ಡ್ ಎಂ. ಈಟನ್. ಬಿಜಾಪುರ (ಇಂದಿನ ವಿಜಯಪುರ) ತುಮಕೂರಿನವರಿಗೆ ಬಹಳ ದೂರ ಎನಿಸಬಹುದು. ಆದರೆ ಹದಿನೇಳನೆಯ ಶತಮಾನದಲ್ಲಿ ಶಿರಾ ಪಟ್ಟಣ ಬಿಜಾಪುರದ ಆದಿಲಶಾಹಿಗಳ ಕೈಯಲ್ಲಿತ್ತು. ಅವರ ಅಧಿಕಾರಿಯಾಗಿದ್ದ ಮಲಿಕ್ ರಿಹಾನನ ಗೋರಿ ಇಂದಿಗೂ ಶಿರಾದಲ್ಲಿದೆ. ಆ ಕಾಲದ ದಾರಿಗಳಲ್ಲಿ ಕುದುರೆ ಮತ್ತು ಕಾಗದಗಳ ಜೊತೆಗೆ ಹಾಡುಗಳೂ ಓಡಾಡಿರಲೇಬೇಕು.

ಈಟನ್ ಹುಟ್ಟಿದ್ದು 1940ರಲ್ಲಿ, ಅಮೆರಿಕದಲ್ಲಿ. 1962ರಲ್ಲಿ ಪದವಿ ಮುಗಿಸಿ, ಬಡ ದೇಶಗಳಿಗೆ ಸ್ವಯಂಸೇವಕರನ್ನು ಕಳಿಸುತ್ತಿದ್ದ 'ಪೀಸ್ ಕೋರ್' ಎಂಬ ಸರ್ಕಾರಿ ಯೋಜನೆಗೆ ಸೇರಿದರು. ಅವರನ್ನು ಹಾಕಿದ್ದು ಇರಾನಿನ ತಬ್ರೀಜ್ ನಗರಕ್ಕೆ. ಅಲ್ಲಿ ಕಿವಿಗೆ ಬಿದ್ದ ಪಾರಸಿ ಭಾಷೆಯೇ ಮುಂದೆ ಅವರ ಬದುಕಿನ ಬಂಡವಾಳವಾಯಿತು. ಹಿಂದಿರುಗಿ ಮತ್ತೆ ಓದಿ, 1972ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, ಅದೇ ವರ್ಷ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಅರಿಜೋನಾ ಎಂದರೆ ಕಳ್ಳಿ ಬೆಳೆಯುವ ಮರುಭೂಮಿ. ಮಳೆಯ ನಾಡಾದ ಬಂಗಾಳದ ಮೇಲೆ ಪ್ರಸಿದ್ಧ ಗ್ರಂಥವೊಂದು ತಯಾರಾದದ್ದು ಅಲ್ಲಿಂದ ಎಂಬುದು ಸ್ವಾರಸ್ಯದ ಸಂಗತಿ.

ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಅವರು ಇತಿಹಾಸದ ಪ್ರಾಧ್ಯಾಪಕರು. ಕೇಳಿದ ಪ್ರಶ್ನೆಗಳು ಮಾತ್ರ ಮಾನವಶಾಸ್ತ್ರದವು. ಮಾನವಶಾಸ್ತ್ರಜ್ಞ ಎಂದರೆ ಒಂದು ಜನಸಮುದಾಯದ ನಡುವೆ ಹೋಗಿ ಇದ್ದು, ಅವರ ಊಟ, ಉಡುಗೆ, ಮದುವೆ, ದೇವರು, ಹಾಡು ಎಲ್ಲವನ್ನೂ ಒಂದರೊಡನೊಂದು ಹೊಂದಿಸಿ ಅರ್ಥಮಾಡಿಕೊಳ್ಳಲು ಯತ್ನಿಸುವವನು. ಮೈಸೂರಿನ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸಮೀಪದ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಇದ್ದು ಅಧ್ಯಯನ ಮಾಡಿದರು. 1970ರಲ್ಲಿ ಅಮೆರಿಕದಲ್ಲಿ ಅವರ ಕೊಠಡಿಗೆ ಬೆಂಕಿ ಬಿದ್ದು, ಆ ಹಳ್ಳಿಯ ಬಗ್ಗೆ ಸಿದ್ಧಪಡಿಸಿದ್ದ ಟಿಪ್ಪಣಿಗಳು ಸುಟ್ಟುಹೋದವು. ನೆನಪನ್ನೇ ಆಧಾರ ಮಾಡಿಕೊಂಡು ಅವರು ಬರೆದ ಪುಸ್ತಕ 1976ರಲ್ಲಿ ಪ್ರಕಟವಾಯಿತು. ಶ್ರೀನಿವಾಸರಿಗೆ ಬದುಕಿದ್ದ ಜನರನ್ನು ಕೇಳುವ ಅನುಕೂಲವಿತ್ತು. ಈಟನ್ ಕೇಳಬೇಕಾದವರು ಸತ್ತು ಮುನ್ನೂರು ವರ್ಷವಾಗಿತ್ತು. ಅದರಲ್ಲೂ ಅವರು ಹುಡುಕುತ್ತಿದ್ದದ್ದು ಸುಲ್ತಾನರನ್ನಲ್ಲ, ಓದುಬರಹ ಬಾರದ ಸಾಮಾನ್ಯರನ್ನು. ಅವರ ಸಾಕ್ಷ್ಯವನ್ನು ಎಲ್ಲಿಂದ ತರುವುದು?

ಅವರು ಎತ್ತಿಕೊಂಡ ಪ್ರಶ್ನೆ ಸುಲಭದ್ದಲ್ಲ. ದಖ್ಖನಿನಲ್ಲಿ ಇಸ್ಲಾಂ ಧರ್ಮ ಸಾಮಾನ್ಯ ಜನರ ಮನೆಯೊಳಗೆ ಹೋದದ್ದು ಹೇಗೆ? ಇದಕ್ಕೆ ಬೀದಿಯಲ್ಲಿ ಸಿದ್ಧವಾದ ಉತ್ತರಗಳಿವೆ. ಕತ್ತಿ ತೋರಿಸಿ ಮಾಡಿದರು ಎಂದು ಕೆಲವರು, ಸೂಫಿ ಸಂತರು ಊರೂರು ತಿರುಗಿ ಉಪದೇಶ ಮಾಡಿದರು ಎಂದು ಇನ್ನು ಕೆಲವರು. ಎರಡು ಕಡೆಯವರಿಗೂ ಗಟ್ಟಿಯಾದ ದನಿ ಇದೆ, ಪುರಾವೆ ಕಡಿಮೆ. ಈಟನ್ ಬಿಜಾಪುರದ ಸೂಫಿಗಳ ಚರಿತ್ರೆಗಳನ್ನೂ ದರ್ಗಾಗಳ ಕಾಗದಪತ್ರಗಳನ್ನೂ ಓದಿದರು. 'ಸೂಫಿ' ಎಂಬ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಬಗೆಯ ಜನ ಇದ್ದದ್ದು ಅವರಿಗೆ ಕಂಡಿತು. ದರ್ಬಾರಿನ ಸಮೀಪ ಇದ್ದವರು, ದರ್ಬಾರನ್ನು ಕಂಡರಾಗದವರು, ಇನಾಂ ಭೂಮಿ ಪಡೆದು ಕ್ರಮೇಣ ಜಮೀನುದಾರರಾದವರು, ಲೋಕದ ಕಟ್ಟಳೆಗಳನ್ನೇ ಬಿಟ್ಟ ಫಕೀರರು, ಪುಸ್ತಕ ಬರೆದವರು. ಹಳ್ಳಿ ಹಳ್ಳಿಗೆ ಹೋಗಿ ಮತಾಂತರ ಮಾಡುವುದೇ ನಮ್ಮ ಕೆಲಸ ಎಂದುಕೊಂಡವರು ಇವರಲ್ಲಿ ಕಾಣಲಿಲ್ಲ.

ಪುಸ್ತಕ ಬರೆದವರಲ್ಲಿ ಒಂದು ಮನೆತನ ಮುಖ್ಯವಾದದ್ದು. ಬಿಜಾಪುರದ ಶಾಹಪುರ ದಿಣ್ಣೆಯ ಮೇಲೆ ನೆಲೆಸಿದ್ದ ಶಾಹ್ ಮೀರಾಂಜಿ, ಅವರ ಮಗ ಬುರ್ಹಾನುದ್ದೀನ್ ಜಾನಮ್, ಮೊಮ್ಮಗ ಅಮೀನುದ್ದೀನ್ ಆಲಾ. ಇವರು ವಿದ್ವಾಂಸರ ಭಾಷೆಯಾದ ಪಾರಸಿಯ ಜೊತೆಗೆ ಸಂತೆಪೇಟೆಯ ಮಾತಾದ ದಖನಿಯಲ್ಲೂ ಬರೆದರು. ದಖನಿ ಎಂದರೆ ಉರ್ದುವಿನ ಅಕ್ಕನಂಥ ಭಾಷೆ. ಕನ್ನಡ, ಮರಾಠಿ, ತೆಲುಗುಗಳ ನೆರೆಯಲ್ಲಿ ಬೆಳೆದದ್ದು. ಅದರಲ್ಲಿ ಬರೆದದ್ದರಿಂದ ಒಂದು ಅನಿರೀಕ್ಷಿತ ಪರಿಣಾಮವಾಯಿತು. ಗುರುಗಳ ಗಹನವಾದ ಮಾತು, ಅವರ ಹಿಂಬಾಲಕರ ಕೈಯಲ್ಲಿ ಸಣ್ಣ ಸಣ್ಣ ಹಾಡಾಗಿ ಅಡುಗೆಮನೆಗೆ ಇಳಿಯಿತು.

ಆ ಹಾಡುಗಳಲ್ಲಿ ಬೀಸುವಾಗ ಹೇಳುವುದು 'ಚಕ್ಕೀನಾಮಾ', ನೂಲುವಾಗ ಹೇಳುವುದು 'ಚರ್ಖಾನಾಮಾ', ತೊಟ್ಟಿಲು ತೂಗುವಾಗಿನದು 'ಲೋರೀನಾಮಾ', ಮದುವೆಯದು 'ಶಾದೀನಾಮಾ'. ಇವುಗಳ ಹಸ್ತಪ್ರತಿಗಳು ಹೈದರಾಬಾದಿನ ಗ್ರಂಥಭಂಡಾರಗಳಲ್ಲಿ ಉಳಿದಿದ್ದವು. ಸಾಹಿತ್ಯದ ದೃಷ್ಟಿಯಿಂದ ನೋಡಿದವರಿಗೆ ಇವು ಅಷ್ಟೇನೂ ಬೆಲೆಯವಲ್ಲ. ಹೇಳಿದ್ದನ್ನೇ ಹೇಳುವ ಸರಳ ಪದಗಳು. ಈಟನ್‌ಗೆ ಬೇಕಾಗಿದ್ದದ್ದು ಆ ಸರಳತೆಯೇ. ಈ ಹಾಡು ಯಾರ ಬಾಯಲ್ಲಿತ್ತು, ಯಾವ ಕೆಲಸದ ನಡುವೆ ಇತ್ತು, ಯಾರ ಕಿವಿಗೆ ಬೀಳುತ್ತಿತ್ತು ಎಂದು ಅವರು ಕೇಳಿದರು.

ಇಲ್ಲಿ ಬೀಸುಕಲ್ಲಿನ ರಚನೆಯನ್ನು ಸ್ವಲ್ಪ ಗಮನಿಸಬೇಕು. ಎರಡು ದುಂಡು ಕಲ್ಲು. ಕೆಳಗಿನದು ಅಲುಗಾಡದು, ಅದರ ನಡುವೆ ಒಂದು ಗೂಟ. ಮೇಲಿನ ಕಲ್ಲು ಆ ಗೂಟದ ಸುತ್ತ ತಿರುಗುತ್ತದೆ. ತಿರುಗಿಸುವ ಹಿಡಿಗೂಟವನ್ನು ನಡುವಿನಲ್ಲಿ ನೆಡದೆ ಅಂಚಿನಲ್ಲಿ ನೆಡುತ್ತಾರೆ. ಅಕ್ಷದಿಂದ ದೂರ ಹೋದಷ್ಟೂ ಅದೇ ಬಲಕ್ಕೆ ತಿರುಗಿಸುವ ಶಕ್ತಿ ಹೆಚ್ಚು. ಸನ್ನೆಗೋಲಿನ ತತ್ತ್ವವೇ ಇದು. ಭಾರವಾದ ಕಲ್ಲನ್ನು ನಿಂತಲ್ಲಿಂದ ಹೊರಡಿಸುವುದು ಕಷ್ಟ, ತಿರುಗುತ್ತಿರುವಾಗ ನಡೆಸಿಕೊಂಡು ಹೋಗುವುದು ಸುಲಭ. ಹಾಗಾಗಿ ವೇಗ ಒಂದೇ ಸಮ ಇರಬೇಕು. ಇಬ್ಬರು ಕೂತಾಗ ಇಬ್ಬರ ಕೈಯೂ ಒಂದೇ ಲಯದಲ್ಲಿ ಹೋಗಬೇಕು. ಆ ಲಯವನ್ನು ಕಾಯುವುದು ಪದದ ಕೆಲಸ. ದಣಿವು ಮರೆಸುತ್ತದೆ ಎನ್ನುವುದು ಆಮೇಲಿನ ಲಾಭ.

ಸೂಫಿಗಳ ಸಾಧನೆಯಲ್ಲಿ 'ಜಿಕ್ರ್' ಎಂಬುದೊಂದಿದೆ. ದೇವರ ಹೆಸರನ್ನು ಉಸಿರಿನ ಲಯಕ್ಕೆ ಹೊಂದಿಸಿ ಮತ್ತೆ ಮತ್ತೆ ಹೇಳುವುದು. ಬೀಸುವ ಕೈಗೂ ಲಯ ಬೇಕು, ಜಪಕ್ಕೂ ಲಯ ಬೇಕು. ಚಕ್ಕೀನಾಮಾಗಳು ಈ ಎರಡನ್ನೂ ಒಂದೇ ಗೂಟಕ್ಕೆ ಕಟ್ಟಿದವು. ಕಲ್ಲಿನ ನೆಟ್ಟಗಿನ ಹಿಡಿಗೂಟವನ್ನು ಅರಬ್ಬೀ ವರ್ಣಮಾಲೆಯ ಮೊದಲ ಅಕ್ಷರ, ಗೆರೆಯಂತೆ ನೇರವಾಗಿ ನಿಲ್ಲುವ 'ಅಲಿಫ್'ಗೆ ಹೋಲಿಸುತ್ತವೆ. ಅಲ್ಲಾಹನ ಹೆಸರು ಶುರುವಾಗುವುದು ಅದೇ ಅಕ್ಷರದಿಂದ. ನಡುವಿನ ಗೂಟ ಪೈಗಂಬರರು. ಚರ್ಖಾನಾಮಾದಲ್ಲಿ ರಾಟೆಯ ಗುಂಯ್‌ಗುಡುವ ಸದ್ದೇ ಜಪ. ಅಕ್ಷರ ಬಾರದ ಹೆಂಗಸಿಗೆ ಅಕ್ಷರದ ಆಕಾರವೂ ಅದರ ಅರ್ಥವೂ ಕೈಯಲ್ಲಿ ಹಿಡಿದ ಗೂಟದಲ್ಲೇ ಸಿಕ್ಕಿತು. ಪಕ್ಕದಲ್ಲಿ ಮಲಗಿದ್ದ ಮಗುವಿನ ಕಿವಿಗೂ ಅದು ದಿನವೂ ಬಿತ್ತು.

ಈಟನ್ ಈ ವಿಚಾರವನ್ನು ಮೊದಲು 1974ರಲ್ಲಿ ಲೇಖನವಾಗಿ ಬರೆದರು. 1978ರಲ್ಲಿ ಬಿಜಾಪುರದ ಸೂಫಿಗಳ ಬಗೆಗಿನ ಅವರ ಪುಸ್ತಕವನ್ನು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಪ್ರಕಟಿಸಿತು. ಅವರ ತೀರ್ಮಾನ ಇಷ್ಟು: ಧರ್ಮ ಮನೆಯೊಳಗೆ ಬಂದದ್ದು ಒಂದು ದಿನದ ಘಟನೆಯಾಗಿ ಅಲ್ಲ. ತಲೆಮಾರುಗಳ ಉದ್ದಕ್ಕೆ, ಹಿಟ್ಟಿನಂತೆ ಸಣ್ಣಗೆ, ಹೆಚ್ಚಾಗಿ ಹೆಂಗಸರ ಮೂಲಕ. ಇತಿಹಾಸದ ಪುಸ್ತಕಗಳಲ್ಲಿ ಹೆಸರೇ ಇಲ್ಲದ ಈ ಹೆಂಗಸರು ಒಂದು ದೊಡ್ಡ ಬದಲಾವಣೆಯ ನಡುಗೂಟವಾಗಿದ್ದರು.

ಕನ್ನಡದವರಿಗೆ ಇದರಲ್ಲಿ ಅಚ್ಚರಿ ಕಡಿಮೆ. ಅದೇ ಬಿಜಾಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹೆಂಗಸರ ಬಾಯಿಂದ ತ್ರಿಪದಿಗಳನ್ನು ಬರೆದುಕೊಂಡು ಹೊರತಂದ 'ಗರತಿಯ ಹಾಡು' ಅಚ್ಚಾದದ್ದು 1931ರಲ್ಲಿ. ಅದರಲ್ಲಿಯೂ ಬೀಸುವ ಕಲ್ಲಿಗೆ ದೊಡ್ಡ ಸ್ಥಾನ. ಒಂದೇ ಜೋಳ, ಒಂದೇ ಬಗೆಯ ಕಲ್ಲು, ಒಂದೇ ಬೆಳಗಿನ ಜಾವ. ಒಂದು ಮನೆಯಲ್ಲಿ ದಖನಿ ಪದ, ಪಕ್ಕದ ಮನೆಯಲ್ಲಿ ಕನ್ನಡ ತ್ರಿಪದಿ. ಶಿಶುನಾಳದ ಷರೀಫರು (1819–1889) ದಿನಬಳಕೆಯ ವಸ್ತುಗಳಲ್ಲೇ ಅಧ್ಯಾತ್ಮ ಹೇಳಿದಾಗ ಯಾರಿಗೂ ಅದು ಪರಕೀಯ ಎನಿಸಲಿಲ್ಲ. ಅಂಥ ಹಾಡಿಗೆ ಕಿವಿ ಮೊದಲೇ ಹದವಾಗಿತ್ತು.

ಸೂಫಿ ಸಂಗೀತ ಎಂದರೆ ಸಾಮಾನ್ಯವಾಗಿ ಕವ್ವಾಲಿ ಎಂದೇ ಎಲ್ಲರ ಎಣಿಕೆ. ಅದನ್ನು ಶಾಸ್ತ್ರೀಯವಾಗಿ ಅಧ್ಯಯನ ಮಾಡಿದವರು ಕೆನಡಾದ ರೆಗುಲಾ ಕುರೇಶಿ. ದರ್ಗಾಗಳಲ್ಲಿ ಕೂತು, ಕೇಳುವವರ ಭಾವ ಬದಲಾದಂತೆ ಹಾಡುಗಾರ ಸಾಲುಗಳನ್ನು ಹೇಗೆ ತಿರುಗಿಸುತ್ತಾನೆಂದು ಗಮನಿಸಿ ಬರೆದ ಅವರ ಗ್ರಂಥ 1986ರಲ್ಲಿ ಬಂತು. ಕವ್ವಾಲಿಗೆ ಸಭೆ ಬೇಕು, ಹಾರ್ಮೋನಿಯಂ ಬೇಕು. ಚಕ್ಕೀನಾಮಾಕ್ಕೆ ಕಲ್ಲಿನ ಸದ್ದೇ ಶ್ರುತಿ.

ಹಾಡಿನಿಂದ ಹೊರಟ ಈಟನ್ ಅಲ್ಲಿಗೇ ನಿಂತಿದ್ದರೆ ಅವರು ಒಂದು ಪ್ರದೇಶದ ತಜ್ಞರಾಗಿ ಉಳಿಯುತ್ತಿದ್ದರು. ಆದರೆ ಬಿಜಾಪುರದ ಉತ್ತರ ಬೇರೆ ಕಡೆಗೂ ಸಲ್ಲುತ್ತದೆಯೇ ಎಂದು ಅವರು ಪರೀಕ್ಷಿಸಹೊರಟರು. ಒಂದು ಪ್ರಯೋಗ ಒಂದು ಸಲ ಸರಿಬಂದರೆ ಸಾಲದು, ಬೇರೆ ಪರಿಸ್ಥಿತಿಯಲ್ಲೂ ಮಾಡಿ ನೋಡಬೇಕು ಎಂಬುದು ವಿಜ್ಞಾನದ ಪಾಠ ತಾನೆ?

1980ರ ದಶಕದಲ್ಲಿ ಅವರು ನೋಡಿದ್ದು ಪಂಜಾಬನ್ನು. ಈಗ ಪಾಕಿಸ್ತಾನದಲ್ಲಿರುವ ಪಾಕ್‌ಪಟ್ಟಣದ ಬಾಬಾ ಫರೀದರ ದರ್ಗಾವನ್ನು. ಅದರ ಸುತ್ತಲಿನ ಜಾಟರು ಮೂಲತಃ ದನ ಕಾಯುತ್ತ ಅಲೆಯುತ್ತಿದ್ದ ಜನ. ಗಡಿಗೆಗಳ ಸಾಲನ್ನು ಗಾಲಿಗೆ ಕಟ್ಟಿ, ಎತ್ತುಗಳಿಂದ ತಿರುಗಿಸಿ ಬಾವಿಯ ನೀರೆತ್ತುವ 'ರಹಟ್' ಎಂಬ ಯಂತ್ರ ಆ ಸೀಮೆಯಲ್ಲಿ ಹಬ್ಬಿದ ಮೇಲೆ ಒಣನೆಲ ಗದ್ದೆಯಾಯಿತು, ದನಗಾಹಿ ಒಕ್ಕಲಿಗನಾದ. ನೆಲೆ ನಿಂತ ಈ ಹೊಸ ಒಕ್ಕಲು ಕ್ರಮೇಣ ದರ್ಗಾದ ಸುತ್ತ ಹೆಣೆದುಕೊಂಡಿತು. ಎಷ್ಟು ಕ್ರಮೇಣ? ಈಟನ್ ಸಿಯಾಲ್ ಎಂಬ ಕುಲದ ವಂಶಾವಳಿ ಹಿಡಿದು ಗಂಡಸರ ಹೆಸರುಗಳನ್ನು ಎಣಿಸಿದರು. ಹದಿನೈದನೆಯ ಶತಮಾನದ ಆರಂಭದಲ್ಲಿ ಮುಸ್ಲಿಂ ಹೆಸರಿನವರು ನೂರಕ್ಕೆ 10. ಹದಿನೇಳನೆಯ ಶತಮಾನದ ಮಧ್ಯಕ್ಕೆ 56, ಹದಿನೆಂಟರ ಮಧ್ಯಕ್ಕೆ 75. ನೂರಕ್ಕೆ ನೂರಾಗಲು ಹತ್ತೊಂಬತ್ತನೆಯ ಶತಮಾನ ಬರಬೇಕಾಯಿತು. ನಾಲ್ಕು ನೂರು ವರ್ಷ! ಇದನ್ನು ಗ್ರಾಫ್ ಹಾಳೆಯ ಮೇಲೆ ಬರೆದು ನೋಡಬಹುದು. ಕತ್ತಿಯ ಗೆರೆ ಹೀಗೆ ಮೆಲ್ಲಗೆ ಏರುವುದಿಲ್ಲ.

ಆಮೇಲೆ ಬಂಗಾಳ. ಇದು ಅವರ ಕೆಲಸದ ಶಿಖರ ಎನ್ನಬೇಕು. 1872ರಲ್ಲಿ ಬ್ರಿಟಿಷರು ಬಂಗಾಳದಲ್ಲಿ ಮೊದಲ ಜನಗಣತಿ ನಡೆಸಿದಾಗ ಅಧಿಕಾರಿಗಳೇ ಬೆರಗಾದರು. ಜನಸಂಖ್ಯೆಯ ಹತ್ತಿರಹತ್ತಿರ ಅರ್ಧದಷ್ಟು ಮುಸ್ಲಿಮರು. ಅವರಲ್ಲೂ ಹೆಚ್ಚಿನವರು ಇದ್ದದ್ದು ನವಾಬರ ನಗರಗಳಲ್ಲಲ್ಲ, ಪೂರ್ವದ ಜೌಗು ಹಳ್ಳಿಗಳಲ್ಲಿ, ರೈತರಾಗಿ. ಇದನ್ನು ವಿವರಿಸಲು ಚಾಲ್ತಿಯಲ್ಲಿದ್ದ ವಾದಗಳನ್ನೆಲ್ಲ ಈಟನ್ ನಕ್ಷೆಯ ಮುಂದೆ ನಿಲ್ಲಿಸಿದರು. ಕತ್ತಿಯೇ ಕಾರಣವಾಗಿದ್ದರೆ ಸುಲ್ತಾನರ ಸೈನ್ಯ ಶತಮಾನಗಳ ಕಾಲ ಬೀಡುಬಿಟ್ಟಿದ್ದ ದೆಹಲಿ, ಆಗ್ರಾ ಸುತ್ತ ಮುಸ್ಲಿಮರು ಅತಿ ಹೆಚ್ಚು ಇರಬೇಕಿತ್ತು. ಅಲ್ಲಿ ಕಡಿಮೆ. ದೂರದ ಎರಡು ಅಂಚುಗಳಲ್ಲಿ, ಪೂರ್ವ ಬಂಗಾಳ ಮತ್ತು ಪಶ್ಚಿಮ ಪಂಜಾಬಿನಲ್ಲಿ, ಹೆಚ್ಚು. ಜಾತಿಯ ಹಿಂಸೆ ತಾಳಲಾರದೆ ಹೋದರು ಎಂಬ ವಾದಕ್ಕೂ ಇದೇ ತೊಡಕು. ವೈದಿಕ ಸಮಾಜದ ಬೇರು ಆಳವಾಗಿದ್ದ ನಡುಗಂಗಾ ಬಯಲಿನಲ್ಲಿ ಆಗದ್ದು, ಆ ಬೇರು ಇನ್ನೂ ಸಡಿಲವಾಗಿದ್ದ ಅಂಚಿನಲ್ಲಿ ಏಕೆ ಆಯಿತು? ಒಂದು ಊಹೆ ಸರಿಯಿದ್ದರೆ ಇಂಥದ್ದು ಕಾಣಬೇಕು, ಕಾಣದಿದ್ದರೆ ಆ ಊಹೆ ಬಿಡಬೇಕು. ಪ್ರಯೋಗಾಲಯದಲ್ಲಿ ಹೀಗೆ ಮಾಡುವುದು ಕಷ್ಟವಲ್ಲ. ಧರ್ಮದ ವಿಷಯದಲ್ಲಿ ಹೀಗೆ ಮಾಡಲು ಸ್ವಲ್ಪ ಎದೆಗಾರಿಕೆ ಬೇಕು.

ಹಾಗಾದರೆ ಬೇರೆ ಕಾರಣ ಏನು? ಅವರಿಗೆ ಸಿಕ್ಕ ಸುಳಿವು ನದಿ. ಹಿಮಾಲಯದಿಂದ ಇಳಿಯುವ ನದಿಗಳು ಅಪಾರ ಹೂಳು ತರುತ್ತವೆ. ಬಯಲಿಗೆ ಬಂದು ವೇಗ ಕಡಿಮೆಯಾದಾಗ ಹೂಳು ತಳದಲ್ಲಿ ನಿಲ್ಲುತ್ತದೆ, ಪಾತ್ರ ಎತ್ತರವಾಗುತ್ತದೆ, ಕೊನೆಗೊಂದು ಪ್ರವಾಹದಲ್ಲಿ ನದಿ ತಾನೇ ಹಾಕಿದ ದಂಡೆಯನ್ನು ಒಡೆದು ತಗ್ಗಿನ ಕಡೆಗೆ ಹೊರಳುತ್ತದೆ. ಗಂಗೆ ಹೀಗೆ ಪೂರ್ವಕ್ಕೆ ಸರಿಯುತ್ತ, ಹದಿನಾರನೆಯ ಶತಮಾನದ ಕೊನೆಯ ಹೊತ್ತಿಗೆ ಅದರ ಮುಖ್ಯ ಹರಿವು ಪದ್ಮಾ ನದಿಯ ಮೂಲಕ ಸಾಗತೊಡಗಿತು. ಪಶ್ಚಿಮದ ಹಳೆಯ ಕವಲುಗಳು ಬತ್ತುತ್ತ ಬಂದವು. ಪೂರ್ವಕ್ಕೆ ಹೊಸ ಮಣ್ಣು, ಹೊಸ ನೀರು. ಆದರೆ ಅಲ್ಲಿದ್ದದ್ದು ದಟ್ಟ ಕಾಡು. ಸರಿಯಾಗಿ ಅದೇ ಕಾಲಕ್ಕೆ ಮೊಗಲರ ಆಡಳಿತ ಅಲ್ಲಿಗೆ ಬಂತು. ಕಾಡು ಕಡಿದು ಭತ್ತದ ಗದ್ದೆ ಮಾಡುವವರಿಗೆ ಸರ್ಕಾರ ಸನದು ಕೊಟ್ಟಿತು: ಇಷ್ಟು ಕಾಡುನೆಲ ನಿನ್ನದು, ಕಂದಾಯವಿಲ್ಲ, ಸಾಗುವಳಿ ಮಾಡಿಸು, ಮಸೀದಿ ನಡೆಸು. ಸಿಲ್ಹೆಟ್ ಮತ್ತು ಚಿತ್ತಗಾಂಗ್ ಜಿಲ್ಲಾ ಕಚೇರಿಗಳ ದಾಖಲೆ ಕೊಠಡಿಗಳಲ್ಲಿ ಈಟನ್ ಈ ಪಾರಸಿ ಸನದುಗಳನ್ನು ಓದಿದರು. ಬ್ರಾಹ್ಮಣರಿಗೂ ದೇವಾಲಯಗಳಿಗೂ ಇಂಥ ಸನದು ಸಿಕ್ಕದ್ದುಂಟು; ಪೂರ್ವದ ಅಂಚಿನಲ್ಲಿ ಮಸೀದಿಗಳ ಪಾಲು ಹೆಚ್ಚು. ಕಾಡು ಕಡಿಸಿದ ಮುಂದಾಳುಗಳೇ ಜನರ ನೆನಪಿನಲ್ಲಿ ಪೀರರಾದರು. ಹುಲಿಯನ್ನು ಅಂಕೆಯಲ್ಲಿಟ್ಟುಕೊಂಡ ಪೀರರ ಕತೆಗಳು ಹುಟ್ಟಿದ್ದು ಆ ಕಾಡಿನಿಂದಲೇ.

ನಂಬಿಕೆ ಬದಲಾದ ಬಗೆಯನ್ನು ಅವರು ಮೂರು ಹಂತದಲ್ಲಿ ವಿವರಿಸಿದರು. ಮೊದಲು ಹಳೆಯ ದೇವರುಗಳ ಸಾಲಿಗೆ ಹೊಸ ಹೆಸರೊಂದು ಸೇರುತ್ತದೆ. ಆಮೇಲೆ ಅದೂ ಇದೂ ಒಂದೇ ಎನಿಸುತ್ತದೆ. ಬಹಳ ಕಾಲದ ನಂತರ, ಹೊಸದು ಹಳೆಯದರ ಜಾಗದಲ್ಲಿ ಕೂರುತ್ತದೆ. ಮೊದಲ ಎರಡು ಹಂತಗಳಲ್ಲಿ ಇದ್ದ ಒಕ್ಕಲಿಗನನ್ನು 'ನೀನು ಯಾವ ಧರ್ಮದವನು?' ಎಂದು ಕೇಳಿದ್ದರೆ ಅವನಿಗೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲವೇನೋ. ಈ ಗ್ರಂಥ ಪ್ರಕಟವಾದದ್ದು 1993ರಲ್ಲಿ. ಬಿಜಾಪುರದಲ್ಲಿ ಹಾಡನ್ನು ಕೇಳಿದವರು ಬಂಗಾಳದಲ್ಲಿ ಹೂಳನ್ನು ಅಳೆಯಬೇಕಾಯಿತು. ಇಂಥ ಅಧ್ಯಯನಕ್ಕೆ ಈಗ 'ಪರಿಸರ ಇತಿಹಾಸ' ಎಂಬ ಹೆಸರಿದೆ.

ಈಗ ಕಡಬದ ತಾಮ್ರಪಟವನ್ನು ಇನ್ನೊಮ್ಮೆ ಓದಿದರೆ ಅದು ಬೇರೆಯಾಗಿ ಕಾಣುತ್ತದೆ. ದೊರೆ ಮುನಿಗೆ ಊರು ಕೊಟ್ಟ ಎಂಬಲ್ಲಿಗೆ ಪಾಠ ಮುಗಿಯುವುದಿಲ್ಲ. ಆ ನೆಲಕ್ಕೆ ನೀರು ಎಲ್ಲಿಂದ? ದಾನಕ್ಕೆ ಮುಂಚೆ ಅದು ಗದ್ದೆಯೋ ಕಾಡೋ? ಉಳುತ್ತಿದ್ದವರು ಯಾವ ದೇವರಿಗೆ ಕೈಮುಗಿಯುತ್ತಿದ್ದರು? ಜೈನ ಬಸದಿಗೆ ಉಂಬಳಿ ಬಿಟ್ಟ ಸೀಮೆಯಲ್ಲಿ ಶ್ರೀವೈಷ್ಣವರು ಬಂದು ನೆಲೆಸಿದ್ದು, ಕೆರೆಗೆ ರಾಮನ ಹೆಸರು ಸೇರಿದ್ದು ಯಾವಾಗ, ಹೇಗೆ? ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು 'ಎಪಿಗ್ರಾಫಿಯ ಕರ್ನಾಟಿಕ'ದ 12ನೆಯ ಸಂಪುಟವಾಗಿ 1904ರಲ್ಲೇ ಅಚ್ಚು ಹಾಕಿಸಿದ್ದಾರೆ. ಅದರಲ್ಲಿ ದಾನ, ಕೆರೆ, ತೂಬು, ಗದ್ದೆಗಳ ಮಾತು ಬರುವ ಕಲ್ಲುಗಳನ್ನು ತಾಲ್ಲೂಕಿನ ನಕ್ಷೆಯ ಮೇಲೆ ಗುರುತಿಸಿ ನೋಡುವ ಕೆಲಸಕ್ಕೆ ಅರಿಜೋನಾಕ್ಕೆ ಹೋಗಬೇಕಾಗಿಲ್ಲ.

ಈಟನ್ ಹೇಳಿದ್ದನ್ನೆಲ್ಲ ವಿದ್ವಾಂಸರು ಒಪ್ಪಿದ್ದಾರೆಂದು ತಿಳಿಯಬಾರದು. ಬಿಜಾಪುರಕ್ಕೆ ಮೊದಲು ಬಂದವರಲ್ಲಿ ಕತ್ತಿ ಹಿಡಿದ ಯೋಧ ಸೂಫಿಗಳಿದ್ದರು ಎಂದು ಅವರು ಬರೆದದ್ದನ್ನು ಕಾರ್ಲ್ ಅರ್ನ್ಸ್ಟ್ ಎಂಬ ಇನ್ನೊಬ್ಬ ಅಮೆರಿಕನ್ ವಿದ್ವಾಂಸರು ಪ್ರಶ್ನಿಸಿದರು. ಆ ಕತೆಗಳು ಬಹಳ ಕಾಲಾನಂತರ ಬರೆದವು, ಅವನ್ನು ಸಾಕ್ಷ್ಯವಾಗಿ ಹಿಡಿಯಲಾಗದು ಎಂಬುದು ಅರ್ನ್ಸ್ಟ್ ಅವರ ಆಕ್ಷೇಪ. ಆ ಆಕ್ಷೇಪಕ್ಕೆ ತೂಕವಿದೆ. ಬೀಸುಕಲ್ಲಿನ ಪದಗಳಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ. ಹಸ್ತಪ್ರತಿಯಲ್ಲಿ ಉಳಿದದ್ದು ಯಾರೋ ಬರೆದಿಟ್ಟದ್ದು ಮಾತ್ರ. ಹಾಡಿದವರೆಲ್ಲರ ಮನಸ್ಸಿನಲ್ಲಿ ಏನಿತ್ತೆಂದು ಕಾಗದ ಹೇಳಲಾರದು. ಇಷ್ಟಾದರೂ ಈಟನ್ ಅವರನ್ನು ಬದಿಗಿಟ್ಟು ಈ ವಿಷಯದಲ್ಲಿ ಮಾತಾಡುವುದು ಇಂದು ಕಷ್ಟ. 2005ರಲ್ಲಿ ದಖ್ಖನಿನ ಎಂಟು ಜನರ ಬದುಕಿನ ಮೂಲಕ ನಾಲ್ಕೂವರೆ ಶತಮಾನಗಳ ಕತೆ ಹೇಳಿದರು. ಆ ಎಂಟರಲ್ಲಿ ಕಲಬುರ್ಗಿಯ ಬಂದೇನವಾಜರೂ ವಿಜಯನಗರದ ರಾಮರಾಯನೂ ಇದ್ದಾರೆ. 2014ರಲ್ಲಿ ಫಿಲಿಪ್ ವ್ಯಾಗನರ್ ಜೊತೆ ಸೇರಿ ಕಲ್ಯಾಣ, ರಾಯಚೂರು, ವಾರಂಗಲ್‌ಗಳ ಕೋಟೆ ಗುಡಿಗಳ ಮೇಲೆ ಬರೆದರು.

ಇನ್ನು ಪೋಷಕರು ಕೇಳುವ ಪ್ರಶ್ನೆ: ಇದನ್ನೆಲ್ಲ ಓದಿದರೆ ಕೆಲಸ ಸಿಗುತ್ತದೆಯೇ? ಕೇಳುವುದರಲ್ಲಿ ತಪ್ಪಿಲ್ಲ. ಎಂಜಿನಿಯರಿಂಗ್‌ನಷ್ಟು ಬೇಗ ಸಿಗುವುದಿಲ್ಲ ಎಂಬುದು ನೇರ ಉತ್ತರ. ಈಟನ್ ಪದವಿ ಮುಗಿಸಿದ ಮೇಲೆ ಅಧ್ಯಾಪಕರಾಗಲು ಹತ್ತು ವರ್ಷ ಹಿಡಿಯಿತು. ಆದರೆ ಮಾನವಶಾಸ್ತ್ರ ಹಲವರು ಭಾವಿಸಿದಂತೆ ಬರೀ ಕಲಾ ವಿಭಾಗದ ವಿಷಯವಲ್ಲ. ಅದರ ಅರ್ಧ ಪಾಠ ಮೂಳೆ, ರಕ್ತದ ಗುಂಪು, ಅನುವಂಶೀಯತೆ; ಇನ್ನರ್ಧ ಮದುವೆ, ಕುಲ, ದೇವರು. ಜೀವಶಾಸ್ತ್ರ ಓದಿದ ಹುಡುಗ ಹುಡುಗಿಯರಿಗೆ ಇದು ಪರಿಚಿತ ನೆಲವೇ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ ಮೈಸೂರಿನ ಮಾನಸಗಂಗೋತ್ರಿಯಲ್ಲಿಯೂ ಇದರ ವಿಭಾಗಗಳಿವೆ. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣ ಎಂಬ ಕೇಂದ್ರ ಸರ್ಕಾರದ ಸಂಸ್ಥೆಗೆ ಮೈಸೂರಿನಲ್ಲಿ ಪ್ರಾದೇಶಿಕ ಕೇಂದ್ರವಿದೆ. ಐ.ಎ.ಎಸ್. ಪರೀಕ್ಷೆಗೆ ಇದನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳಬಹುದು. ಹಾಡು ಮತ್ತು ನಂಬಿಕೆಯ ಕಡೆ ಒಲವಿದ್ದವರಿಗೆ 1991ರಲ್ಲಿ ಆರಂಭವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವಿದೆ. ಅಲ್ಲಿ ಪ್ರಾಧ್ಯಾಪಕರಾಗಿದ್ದ ರಹಮತ್ ತರೀಕೆರೆ ಅವರ 'ಕರ್ನಾಟಕದ ಸೂಫಿಗಳು' (1998) ಕನ್ನಡದಲ್ಲೇ ಓದಲು ಸಿಗುವ ಪುಸ್ತಕ. ಎಲ್ಲಕ್ಕಿಂತ ಮೊದಲು ಬೇಕಾದದ್ದು ಭಾಷೆ. ಪಾರಸಿ ಬಾರದಿದ್ದರೆ ಈಟನ್‌ಗೆ ಸನದು ತೆರೆಯುತ್ತಿರಲಿಲ್ಲ, ದಖನಿ ಬಾರದಿದ್ದರೆ ಕಲ್ಲು ಮಾತಾಡುತ್ತಿರಲಿಲ್ಲ. ಗುಬ್ಬಿ ಸೀಮೆಯ ಮಕ್ಕಳಿಗೆ ಹಳಗನ್ನಡ ಮತ್ತು ಮನೆಯ ಆಡುಮಾತು ಎರಡೂ ಇಂಥ ಉಪಕರಣಗಳೇ.

ಒಂದು ವಿಷಯದಲ್ಲಿ ಮಾತ್ರ ಅವಸರ ಬೇಕು. ತಾಮ್ರಪಟ ಹನ್ನೆರಡು ಶತಮಾನ ಕಾದಿದೆ, ಇನ್ನೂ ಕಾಯುತ್ತದೆ. ಬಾಲ್ಯದಲ್ಲಿ ರಾಗಿ ಬೀಸಿದ ಅಜ್ಜಿಯರು ಈಗ ಎಪ್ಪತ್ತು ಎಂಬತ್ತು ದಾಟಿದವರು. ರಜೆಯಲ್ಲಿ ಅವರ ಪದ ಬರೆದುಕೊಳ್ಳುವ ವಿದ್ಯಾರ್ಥಿಗಳು ಪದವನ್ನಷ್ಟೇ ಬರೆದರೆ ಅದು ಅರ್ಧ ಮಾಹಿತಿ. ಅದನ್ನು ಕಲಿಸಿದವರು ಯಾರು, ಅವರು ಯಾವ ಊರಿನಿಂದ ಮದುವೆಯಾಗಿ ಬಂದವರು, ಕಲ್ಲು ಎಲ್ಲಿಂದ ತಂದದ್ದು, ಒಬ್ಬರೇ ಬೀಸುತ್ತಿದ್ದರೋ ಇಬ್ಬರೋ, ಮೊದಲ ಪದ ಯಾವ ದೇವರದ್ದು, ನೆರೆಯ ಬೇರೆ ಮತದವರ ಮನೆಯಲ್ಲಿ ಏನು ಹಾಡುತ್ತಿದ್ದರು, ಆ ಊರಿಗೆ ಹಿಟ್ಟಿನ ಗಿರಣಿ ಯಾವ ವರ್ಷ ಬಂತು, ಇಷ್ಟನ್ನೂ ಅದೇ ಹಾಳೆಯ ಮೇಲೆ ಗುರುತು ಹಾಕಿಕೊಳ್ಳಬೇಕು.